ಸೀತನಿ ಕಾಲದಲ್ಲಿ ಹೊಲ ನೋಡಬೇಡಿ: ಒಂದು ತಾಲೂಕು ನಿಮ್ಮ ಮನೆಯನ್ನು ಸಾಕುತ್ತದಾ ಅಂತ ತಿಳಿಯುವ ಬಗೆ

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ (ಎಡೆ) ಚೆಲ್ಲಲು ಬಂದವರು, ಆಮೇಲೆ ಸೀತನಿ, ಅಂದರೆ ಸುಟ್ಟ ಎಳೆಯ ಜೋಳದ ತೆನೆ, ತಿನ್ನಲು ಬಂದವರು, ನಮ್ಮ ಕಡೆಯ ಹೊಲ ನೋಡಿ ಮರುಳಾಗಿಬಿಡುತ್ತಾರೆ. ಆಳೆತ್ತರ ಬಿಳಿಜೋಳ, ಸಾಲಿನ ನಡುವೆ ಕುಸುಬೆ, ಮಗ್ಗುಲಲ್ಲಿ ಹಸಿಕಡಲೆ. "ಇಲ್ಲೇ ನಾಲ್ಕು ಎಕರೆ ತಗೊಂಡು ಇದ್ದುಬಿಡೋಣ" ಅನ್ನಿಸುವುದು ಸಹಜ. ನಾನೂ ಹಾಗೇ ಬಂದವನು. ಪುಣೆಯ ಕೆಲಸ ಬಿಟ್ಟು 2018ರಲ್ಲಿ ಬಸವನ ಬಾಗೇವಾಡಿ ಕಡೆಯ ಒಂದು ಹಳ್ಳಿಗೆ ಬಂದೆ. ಜನವರಿಯಲ್ಲಿ ಹೊಲ ನೋಡಿದೆ, ಮಾರ್ಚಿನಲ್ಲಿ ಕೊಂಡೆ, ಮೇ ತಿಂಗಳಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕರೆಸಿದೆ. ಅದಕ್ಕೇ ಈ ಲೇಖನ.

ಮನೆಯವರೆಲ್ಲ ಸೇರಿ ತಾವು ತಿನ್ನುವುದನ್ನು ತಾವೇ ಬೆಳೆದುಕೊಂಡು ಇರಬೇಕು ಅನ್ನುವವರು ಈಗ ಜಾಸ್ತಿ ಆಗಿದ್ದಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಊರು ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಲ್ಲವನ್ನೂ ನಾವೇ ಮಾಡಿಕೊಳ್ಳುವುದು ಆಗದ ಮಾತು. ಉಪ್ಪು, ಬಟ್ಟೆ, ಔಷಧಿ, ಮಕ್ಕಳ ಫೀಸಿಗೆ ದುಡ್ಡು ಬೇಕೇ ಬೇಕು. ರೊಟ್ಟಿ, ಬೇಳೆ, ಎಣ್ಣೆ, ಹಾಲು, ಕಾಯಿಪಲ್ಲೆ, ಕುಡಿಯುವ ನೀರು, ಈ ಆರು ಹೊರಗಿನಿಂದ ಬರದಿದ್ದರೂ ಮನೆ ನಡೆಯಬೇಕು. ಅದೂ ಮಳೆ ಚೆನ್ನಾಗಿ ಆದ ವರ್ಷದಲ್ಲಿ ನಡೆದರೆ ಸಾಲದು. 2023ರಂಥ ವರ್ಷದಲ್ಲೂ ನಡೆಯಬೇಕು. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿದ್ದವು. ನೀವು ನೋಡುವ ಪ್ರತಿ ತಾಲೂಕನ್ನೂ ಆ ವರ್ಷದ ತಕ್ಕಡಿಯಲ್ಲಿ ಇಟ್ಟು ತೂಗಿ.

ಮೊದಲು ನಿಮ್ಮ ಮನೆಯ ಲೆಕ್ಕ

ಊರು ನೋಡುವ ಮೊದಲು ಒಂದು ಹಾಳೆ ತಗೊಳ್ಳಿ. ಐದು ಜನರ ಮನೆ ಅಂತಿಟ್ಟುಕೊಳ್ಳೋಣ. ತಲೆಗೆ ದಿನಕ್ಕೆ 350 ಗ್ರಾಂ ಜೋಳ ಅಂದರೆ ವರ್ಷಕ್ಕೆ ಸುಮಾರು ಆರೂವರೆ ಕ್ವಿಂಟಾಲ್. ಬೀಜ, ಬಂದುಹೋಗುವವರು, ಹುಳ ತಿಂದದ್ದು ಎಲ್ಲ ಸೇರಿ ಎಂಟು ಅನ್ನಿ. ಮಳೆಯನ್ನೇ ನಂಬಿದ ಎರೆಹೊಲದಲ್ಲಿ (ಕರಿಮಣ್ಣಿನ ಹೊಲ) ಹಿಂಗಾರಿ ಜೋಳ ಎಕರೆಗೆ ಮೂರರಿಂದ ಐದು ಕ್ವಿಂಟಾಲ್ ಬಂದರೆ ಒಳ್ಳೆಯ ಬೆಳೆ. ಬರದ ವರ್ಷ ಒಂದು ಬಂದರೆ ಪುಣ್ಯ. ಹಾಗಾಗಿ ಜೋಳಕ್ಕೇ ಮೂರು ಎಕರೆ ಬೇಕು. ಒಳ್ಳೆಯ ವರ್ಷ ಉಳಿದದ್ದನ್ನು ಮಾರದೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಕು. ಹಿಂದಿನವರು ಹಗೇವು ತೋಡಿ ಜೋಳ ತುಂಬಿಡುತ್ತಿದ್ದದ್ದು ಇದಕ್ಕೇ ಅಲ್ವಾ?

ಬೇಳೆ ವರ್ಷಕ್ಕೆ ಒಂದು ಕ್ವಿಂಟಾಲ್ ಸಾಕು. ಎಣ್ಣೆ ತಿಂಗಳಿಗೆ ನಾಲ್ಕು ಲೀಟರ್ ಅಂದರೆ ಸುಮಾರು ಎರಡು ಕ್ವಿಂಟಾಲ್ ಕುಸುಬೆ ಗಾಣಕ್ಕೆ ಹಾಕಬೇಕು. ಇವೆರಡಕ್ಕೆ ಬೇರೆ ಹೊಲ ಬೇಕಿಲ್ಲ ಅನ್ನುವವರಿದ್ದಾರೆ. ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ಹಾಕಿದರೆ ಆಗುತ್ತದೆ ಅನ್ನುತ್ತಾರೆ. ಸ್ವಲ್ಪ ಆಗುತ್ತದೆ, ಪೂರ್ತಿ ಆಗುವುದಿಲ್ಲ. ಇನ್ನೊಂದು ಎಕರೆ ಇಟ್ಟುಕೊಳ್ಳಿ. ಕಾಯಿಪಲ್ಲೆಗೆ ಐದು ಗುಂಟೆ. ಹೊಲದಲ್ಲಿ ತಾವಾಗಿಯೇ ಹುಟ್ಟುವ ಹತ್ತರಕಿ, ಕಿರಕಸಾಲಿ, ಬದುವಿಗೆ ಹಾಕಿದ ಪುಂಡಿಪಲ್ಯ ಅರ್ಧ ವರ್ಷ ಅಡುಗೆಮನೆ ನಡೆಸುತ್ತವೆ.

ತಾಲೂಕಿನ ಮಳೆ, ತಾಲೂಕಿನ ನದಿ

ಜಿಲ್ಲೆಯ ಸರಾಸರಿ ಮಳೆ ಕೇಳಿ ತೀರ್ಮಾನ ಮಾಡಬೇಡಿ. ಬೆಳಗಾವಿ ಜಿಲ್ಲೆಯೊಂದನ್ನೇ ನೋಡಿ. ಖಾನಾಪುರ ತಾಲೂಕಿನಲ್ಲಿ ವರ್ಷಕ್ಕೆ 1,500 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಅಲ್ಲೇ ಇದೆ. ಅದೇ ಜಿಲ್ಲೆಯ ಅಥಣಿ, ರಾಯಬಾಗ, ರಾಮದುರ್ಗದ ಕಡೆ ಅದರ ಮೂರನೇ ಒಂದು ಪಾಲಿನ ಆಸುಪಾಸು. ಬಾಗಲಕೋಟೆ, ವಿಜಯಪುರದ ಬಹುತೇಕ ತಾಲೂಕುಗಳು 600 ಮಿ.ಮೀ. ಆಚೀಚೆ.

ಎಷ್ಟು ಬಿತ್ತು ಅನ್ನುವಷ್ಟೇ ಯಾವಾಗ ಬಿತ್ತು ಅನ್ನುವುದೂ ಮುಖ್ಯ. ವಿಜಯಪುರದ ಕಡೆ ವರ್ಷದ ದೊಡ್ಡ ಮಳೆ ಸೆಪ್ಟೆಂಬರಿನದು. ಉತ್ತರಿ, ಹಸ್ತಾ ಮಳೆ ಎರೆಭೂಮಿಯನ್ನು ತೋಯಿಸಿದರೆ, ಆ ತೇವದ ಮೇಲೇ ಜೋಳ, ಕಡಲೆ, ಕುಸುಬೆ ಬೆಳೆಯುತ್ತವೆ. ಆಮೇಲೆ ಒಂದು ಹನಿ ಬೀಳದಿದ್ದರೂ ನಡೆಯುತ್ತದೆ. ಈ ಮಳೆ ತಪ್ಪಿತೋ, ಜೂನ್‌ನಲ್ಲಿ ಎಷ್ಟು ಸುರಿದಿದ್ದರೂ ರೊಟ್ಟಿಗೆ ಕಷ್ಟ. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳಿವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅವುಗಳ ಲೆಕ್ಕ ಇಡುತ್ತದೆ. ಹತ್ತು ವರ್ಷದ ಸೆಪ್ಟೆಂಬರ್ ಮಳೆಯನ್ನಷ್ಟೇ ಬೇರೆ ಮಾಡಿ ನೋಡಿ. ಹತ್ತರಲ್ಲಿ ನಾಲ್ಕು ಸಲ ಕೈಕೊಟ್ಟಿದ್ದರೆ ಆ ಹೋಬಳಿಯಲ್ಲಿ ನೀರಾವರಿ ಇಲ್ಲದೆ ನಿಲ್ಲಬೇಡಿ.

ಬಾದಾಮಿ, ಹುನಗುಂದದ ಮಸಾರಿ (ಕೆಂಪುಮಣ್ಣಿನ) ಹೊಲದ ಲೆಕ್ಕ ಬೇರೆ. ಅಲ್ಲಿ ಮುಂಗಾರಿನಲ್ಲೇ ಸಜ್ಜೆ, ತೊಗರಿ, ಶೇಂಗಾ ಬೆಳೆಯುತ್ತಾರೆ. ಸಜ್ಜೆ ರೊಟ್ಟಿ ಒಪ್ಪುವವರಿಗೆ ಅದು ಕೆಟ್ಟ ಜಾಗವಲ್ಲ.

ಬೈಲಹೊಂಗಲ, ಹುಕ್ಕೇರಿ, ಚಿಕ್ಕೋಡಿಯ ಕೆಲವು ಭಾಗ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಸೆರಗು. ಅಲ್ಲಿ ಮುಂಗಾರು ಹಿಂಗಾರು ಎರಡೂ ಕೈಹಿಡಿಯುವ ಸಾಧ್ಯತೆ ಇದೆ. ನನಗೆ ಇನ್ನೊಮ್ಮೆ ಊರು ಹುಡುಕುವ ಅವಕಾಶ ಸಿಕ್ಕರೆ ಮೊದಲು ಅಲ್ಲೇ ಹೋಗುತ್ತೇನೆ. ಖಾನಾಪುರದ ಹಸಿರು ನೋಡಿ ಹೋಗುವವರು ಭತ್ತದ ಊಟಕ್ಕೆ ಒಗ್ಗಿಕೊಳ್ಳಬೇಕು. ಕಾಡುಹಂದಿ, ಕಾಡುಕೋಣಗಳ ಕಾಟಕ್ಕೂ ತಯಾರಾಗಿರಬೇಕು.

ಮೇ ತಿಂಗಳಲ್ಲಿ ಹೋಗಿ: ನೀರು

ನಮ್ಮೂರಿನ ಹಿರಿಯರೊಬ್ಬರು ನನಗೆ ತಡವಾಗಿ ಹೇಳಿದ ಮಾತು: "ತಮ್ಮಾ, ಮೊದಲ ನೀರು ನೋಡ್ಬೇಕು, ಆಮ್ಯಾಲ ಹೊಲ ನೋಡ್ಬೇಕು." ಉಳಿದ ಯಾವ ಹೆಜ್ಜೆಯಲ್ಲಿ ಅವಸರ ಮಾಡಿದರೂ ಇಲ್ಲಿ ಮಾತ್ರ ಮಾಡಬೇಡಿ. ಮೇ ಎರಡನೇ ವಾರ ಹೋಗಿ, ಮೂರು ದಿನ ಊರಲ್ಲಿ ಉಳಿದುಕೊಳ್ಳಿ.

ಮೊದಲು ಬೇಕಾದ ನೀರಿನ ಲೆಕ್ಕ. ಐದು ಜನರಿಗೆ ದಿನಕ್ಕೆ 500 ಲೀಟರ್. ಎರಡು ದನಕ್ಕೆ 100. ಐದು ಗುಂಟೆ ಕಾಯಿಪಲ್ಲೆ ಅಂದರೆ ಸುಮಾರು 500 ಚದರ ಮೀಟರ್. ನಮ್ಮ ಬಿಸಿಲಿಗೆ ಚದರ ಮೀಟರಿಗೆ ದಿನಕ್ಕೆ ಐದು ಲೀಟರ್ ಬೇಕು. ಅದೇ 2,500 ಲೀಟರ್ ಆಯಿತು. ಒಟ್ಟು ದಿನಕ್ಕೆ ಮೂರು ಸಾವಿರ ಲೀಟರ್ ದಾಟುತ್ತದೆ.

ಮಾರುವವರು "ಎರಡು ಇಂಚು ನೀರು ಐತ್ರಿ" ಅನ್ನುತ್ತಾರೆ. ಯಾವ ತಿಂಗಳಲ್ಲಿ ಎರಡು ಇಂಚು ಅಂತ ಕೇಳಿ. ನೀವೇ ಅಳೆಯಿರಿ. 200 ಲೀಟರಿನ ಬ್ಯಾರಲ್ ತಗೊಂಡು ಹೋಗಿ, ಬೋರಿನ ಬಾಯಿಗೆ ಇಟ್ಟು ಗಡಿಯಾರ ನೋಡಿ. 12 ನಿಮಿಷಕ್ಕೆ ತುಂಬಿದರೆ ತಾಸಿಗೆ 1,000 ಲೀಟರ್. ಮೋಟಾರು ಚಾಲೂ ಮಾಡಿದ ಕೂಡಲೇ ಬರುವ ನೀರನ್ನು ನಂಬಬೇಡಿ. ರಾತ್ರಿಯಿಡೀ ಒಸರಿ ತುಂಬಿದ್ದು ಮೊದಲ ಅರ್ಧ ತಾಸು ಜೋರಾಗಿ ಬರುತ್ತದೆ. ಮೂರು ತಾಸು ಬಿಟ್ಟು ಮತ್ತೆ ಅಳೆಯಿರಿ. ಆಗ ಬಂದದ್ದೇ ನಿಜವಾದ ನೀರು. ನಾನು ನೋಡಿದ್ದು ಜನವರಿಯ ಮೊದಲ ಹತ್ತು ನಿಮಿಷ.

ಕೆಳಗಿನ ಕಲ್ಲು ಯಾವುದು ಅಂತಲೂ ತಿಳಿದುಕೊಳ್ಳಿ. ವಿಜಯಪುರದ ಬಹುಪಾಲು, ಬೆಳಗಾವಿಯ ಉತ್ತರ ಭಾಗ ಕರಿಗಲ್ಲಿನ ಪದರ. ಬಿರುಕು ಇದ್ದಲ್ಲಿ ನೀರು, ಇಲ್ಲದಲ್ಲಿ ಇಲ್ಲ. ಪಕ್ಕದ ಹೊಲದವರ ಬೋರು ತುಂಬಿ ಹರಿದರೂ ನಿಮ್ಮದು ಬತ್ತಬಹುದು. ಬಾದಾಮಿ ಕಡೆ ಮರಳುಗಲ್ಲು, ಅದರ ಸುತ್ತ ಕೆಲವೆಡೆ ಸುಣ್ಣದ ಕಲ್ಲು. ಊರಲ್ಲಿ ಕಳೆದ ಐದು ವರ್ಷದಲ್ಲಿ ಎಷ್ಟು ಬೋರು ಕೊರೆದರು, ಎಷ್ಟು ವಿಫಲ ಆದವು, ಎಷ್ಟು ಅಡಿಗೆ ನೀರು ಬಿತ್ತು ಅಂತ ನಾಲ್ಕೈದು ಜನರನ್ನು ಬೇರೆ ಬೇರೆಯಾಗಿ ಕೇಳಿ. ನೀರು ಸಿಗುವ ಆಳ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ ಅಲ್ಲಿ ಮುಂದೆ ಮಕ್ಕಳಿಗೆ ಕಷ್ಟ. ಅಂತರ್ಜಲ ತೀರಾ ಬಳಕೆಯಾದ ತಾಲೂಕುಗಳನ್ನು ಸರಕಾರ ಅಧಿಸೂಚಿತ ಅಂತ ಗುರುತಿಸಿರುತ್ತದೆ. ಅಲ್ಲಿ ಹೊಸ ಬೋರಿಗೆ ಅನುಮತಿ ಬೇಕು. ನೋಡುವ ಊರಿನ ಹತ್ತಿರ ಕೆರೆ ತುಂಬಿಸುವ ಯೋಜನೆಯ ಕೆರೆ ಇದೆಯಾ ನೋಡಿ. ವಿಜಯಪುರ ಜಿಲ್ಲೆಯಲ್ಲಿ ಇಂಥ ಕೆರೆಗಳು ಹಲವು ಕಡೆ ಇವೆ. ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ಬಾವಿಗೂ ಜೀವ ಬರುತ್ತದೆ. ಅಂಥ ಊರಿನಲ್ಲಿ ಹೊಲ ಸ್ವಲ್ಪ ದುಬಾರಿ ಆದರೂ ಕೊಳ್ಳಿ.

ನೀರು ಇದ್ದರೆ ಆಗಲಿಲ್ಲ, ಅದರ ರುಚಿಯೂ ನೋಡಬೇಕು. ಡೋಣಿ ನದಿ ದಂಡೆಯ ಮಣ್ಣು ಬಂಗಾರ, "ಡೋಣಿ ಬೆಳೆದರೆ ಓಣಿಯೆಲ್ಲ ಕಾಳು" ಅನ್ನುವ ಮಾತೇ ಇದೆ. ಆದರೆ ಡೋಣಿಯ ನೀರು ಉಪ್ಪು. ನಮ್ಮ ಜಿಲ್ಲೆಗಳ ಹಲವು ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಶಾಲೆಯ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಂಡರೆ ಅನುಮಾನಪಡಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಕಡೆಯ ಮಿತಿ. ಕುದಿಸಿದರೆ ಅದು ಹೋಗುವುದಿಲ್ಲ. ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯ ಜಿಲ್ಲೆಯಲ್ಲಿದೆ. ಒಂದು ಬಾಟಲಿ ಒಯ್ದು ಪರೀಕ್ಷೆ ಮಾಡಿಸಿ.

ನೆಲದ ನೀರು ಕೈಕೊಟ್ಟರೆ ಮಳೆನೀರು. 1,000 ಚದರ ಅಡಿಯ ಮಾಳಿಗೆಯ ಮೇಲೆ 600 ಮಿ.ಮೀ. ಮಳೆ ಬಿದ್ದರೆ, ಸೋರಿ ಆರಿದ್ದು ಕಳೆದು 44,000 ಲೀಟರ್ ಹಿಡಿಯಬಹುದು. ಐದು ಜನ ಕುಡಿಯಲು, ಅಡುಗೆಗೆ ವರ್ಷಕ್ಕೆ 11,000 ಲೀಟರ್ ಸಾಕು. ಅಂದರೆ ಬರದ ವರ್ಷ ಅರ್ಧ ಮಳೆ ಬಿದ್ದರೂ ಕುಡಿಯುವ ನೀರಿಗೆ ತೊಂದರೆ ಇಲ್ಲ. ಹಳೆಯ ಮಣ್ಣಿನ ಮಾಳಿಗೆಯಿಂದ ಇದು ಆಗದು. ಆರ್‌ಸಿಸಿ ಅಥವಾ ತಗಡು ಬೇಕು. ನಾನು ಎರಡನೇ ವರ್ಷ ಕಟ್ಟಿಸಿದ ನೆಲತೊಟ್ಟಿ ನಮ್ಮ ಮನೆಯನ್ನು 2023ರಲ್ಲಿ ಉಳಿಸಿತು.

ಮಣ್ಣು ತೋಡಿ ನೋಡಿ

ಮೇಲಿನ ಬಣ್ಣ ನೋಡಿ ಎರೆ ಅನ್ನಬೇಡಿ. ಹಾರೆ, ಸಲಿಕೆ ತಗೊಂಡು ಹೊಲದ ಮೂರು ಕಡೆ ಮೂರಡಿ ತೋಡಿ. ಒಂದೇ ಅಡಿಗೆ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಸಿಕ್ಕಿತೋ, ಆ ಹೊಲ ಹಿಂಗಾರಿ ಜೋಳಕ್ಕೆ ತೇವ ಹಿಡಿದಿಡುವುದಿಲ್ಲ. ಮೂರಡಿ ಕರಿಮಣ್ಣು ಇದ್ದರೆ ಧೈರ್ಯವಾಗಿರಿ. ಆದರೆ ಅದೇ ಹೊಲದ ಒಂದು ಮೂಲೆಯಲ್ಲಿ ಗರಸು ಇದ್ದರೆ ಒಳ್ಳೆಯದು, ಮನೆ ಕಟ್ಟಲು ಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಬುನಾದಿ ಸರಿಯಿಲ್ಲದಿದ್ದರೆ ಗೋಡೆಯೂ ಬಿರಿಯುತ್ತದೆ. ಕರಿಕೆ ಹುಲ್ಲಿನ ಬೇರು ಆಳಕ್ಕೆ ಇಳಿದಿದೆಯಾ ನೋಡಿ. ಇಳಿದಿದ್ದರೆ ಅದನ್ನು ತೆಗೆಸುವ ಖರ್ಚನ್ನು ಹೊಲದ ಬೆಲೆಯಲ್ಲಿ ಕಡಿಮೆ ಮಾಡಿಸಿ.

ಕಾಲುವೆ ಪಕ್ಕದ ಹೊಲ ಅಂದರೆ ಎಲ್ಲರಿಗೂ ಆಸೆ. ಘಟಪ್ರಭಾ, ಮಲಪ್ರಭಾ, ಕೃಷ್ಣಾ ನೀರಾವರಿಯ ಜಾಗದಲ್ಲಿ ಸವಳು-ಜವಳು, ಅಂದರೆ ನೆಲ ಉಪ್ಪಾಗುವುದು, ನೀರು ನಿಂತು ಜೌಗಾಗುವುದು, ಒಂದು ದೊಡ್ಡ ಕಾಯಿಲೆ. ವರ್ಷಗಟ್ಟಲೆ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಎಷ್ಟೋ ಹೊಲಗಳ ಮೇಲೆ ಉಪ್ಪು ಎದ್ದಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಹೊಪ್ಪಳೆ ಕಂಡರೆ, ಬೆಳೆ ನಡುನಡುವೆ ಬೋಳಾಗಿದ್ದರೆ ದೂರ ಇರಿ. ಮಣ್ಣು ಪರೀಕ್ಷೆಯಲ್ಲಿ ರಸಸಾರ (ಪಿಎಚ್) 8.5 ದಾಟಿದರೆ, ಲವಣಾಂಶ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಸುಧಾರಿಸಲು ತುಂಬಾ ದುಡ್ಡು, ತುಂಬಾ ವರ್ಷ ಬೇಕು. ಕೃಷಿ ವಿಜ್ಞಾನ ಕೇಂದ್ರಗಳು ಮೂರೂ ಜಿಲ್ಲೆಗಳಲ್ಲಿವೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಮಣ್ಣು ಎಲ್ಲಿ ಕೊಡಬೇಕು ಅಂತ ಹೇಳುತ್ತಾರೆ. ತೋಟದ ಬೆಳೆ ಕುರಿತು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ.

ಮೇವು ಮರೆಯಬೇಡಿ

ಹೊಸಬರ ಹಾಳೆಯಲ್ಲಿ ಈ ಸಾಲೇ ಇರುವುದಿಲ್ಲ. ಜವಾರಿ ಆಕಳು ಒಂದು ದಿನಕ್ಕೆ ಆರು ಕಿಲೋ ಒಣಮೇವು ತಿನ್ನುತ್ತದೆ. ವರ್ಷಕ್ಕೆ ಎರಡು ಟನ್ನಿಗೂ ಮೇಲೆ. ಒಂದು ಎಕರೆ ಜೋಳದಿಂದ ಸುಮಾರು ಒಂದು ಟನ್ ಕಣಿಕೆ (ಜೋಳದ ಒಣ ದಂಟು) ಬರುತ್ತದೆ ಅಂತಿಟ್ಟುಕೊಂಡರೆ, ನಿಮ್ಮ ಮೂರು ಎಕರೆ ಒಂದೂವರೆ ಆಕಳನ್ನು ಸಾಕುತ್ತದೆ ಅಷ್ಟೇ. ಎತ್ತು ಕಟ್ಟುವ ಆಸೆ ಇದ್ದರೆ ಇನ್ನೂ ನಾಲ್ಕು ಎಕರೆ ಹುಡುಕಿ. ಖಿಲಾರಿ ಜೋಡಿ ಮನೆ ಮುಂದೆ ನಿಂತರೆ ಚೆಂದವೇ, ನನಗೂ ಆಸೆ ಇತ್ತು. ಈಗ ಬಾಡಿಗೆ ಎತ್ತಿನಿಂದ ಬಿತ್ತಿಸುತ್ತೇನೆ.

ಹಾಗಾಗಿ ಜೋಳದ ತಳಿ ಆರಿಸುವಾಗ ಕಾಳಿನ ಜೊತೆ ಕಣಿಕೆಯನ್ನೂ ನೋಡಿ. ಮಾಲದಂಡಿ ಜೋಳವನ್ನು ಜನ ಇಷ್ಟು ವರ್ಷ ಬಿಡದಿರುವುದಕ್ಕೆ ರೊಟ್ಟಿಯ ರುಚಿ ಒಂದು ಕಾರಣ, ದನ ಬಿಡದೆ ತಿನ್ನುವ ಕಣಿಕೆ ಇನ್ನೊಂದು. ಮೇ ತಿಂಗಳಲ್ಲಿ ಊರು ಸುತ್ತುವಾಗ ಬಣವೆ ಎಣಿಸಿ. ಮಳೆ ಹಿಡಿಯುವ ಮೊದಲೇ ಬಣವೆಗಳು ಖಾಲಿಯಾಗಿದ್ದರೆ, ಕೊಟ್ಟಿಗೆ ಖಾಲಿ ಇದ್ದರೆ, ಆ ಊರು ತನ್ನ ದನಗಳನ್ನೇ ಸಾಕಲಾರದೆ ಮಾರುತ್ತಿದೆ ಅಂತ ಅರ್ಥ.

ಉರುವಲಿಗೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಆಗುತ್ತವೆ. ಗೋಬರ್ ಗ್ಯಾಸ್ ಹಾಕಿಸುವವರು ಸಣ್ಣದಾದ ಒಂದು ಘನಮೀಟರಿಗೂ ದಿನಕ್ಕೆ 25 ಕಿಲೋ ಸಗಣಿ ಬೇಕು ಅನ್ನುವುದನ್ನು ನೆನಪಿಡಿ. ಎರಡು ಮೂರು ದನ ಇಲ್ಲದೆ ಅದು ನಡೆಯದು.

ಆಗಸ್ಟ್‌ನಲ್ಲಿ ಇನ್ನೊಮ್ಮೆ ಹೋಗಿ

ಬರದ ಸೀಮೆಯಲ್ಲಿ ಪ್ರವಾಹವನ್ನು ಯಾರೂ ನೆನೆಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. ಗೋಕಾಕ, ಮುಧೋಳ, ರಾಮದುರ್ಗ, ಜಮಖಂಡಿ ಕಡೆ ನೀರು ಮನೆಗಳಿಗೆ ನುಗ್ಗಿತು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಬಂತು. 2020ರ ಅಕ್ಟೋಬರಿನಲ್ಲಿ ಭೀಮೆಯ ಸರದಿ. ನದಿ ದಂಡೆಯ ಹೊಲ ನೋಡುವಾಗ "2019ರಲ್ಲಿ ನೀರು ಎಲ್ಲಿತನಕ ಬಂದಿತ್ತು?" ಅಂತ ಕೇಳಿ, ಆ ಜಾಗಕ್ಕೆ ನಡೆದುಹೋಗಿ ನಿಂತು ನೋಡಿ. ಹೊಲಕ್ಕೆ ನೀರು ಬಂದು ಹೋದರೆ ಒಂದು ಬೆಳೆ ಹೋಗಬಹುದು. ಮನೆ, ಬಣವೆ, ಕೊಟ್ಟಿಗೆ ಆ ಗೆರೆಯ ಮೇಲೆಯೇ ಇರಬೇಕು.

ಆಲಮಟ್ಟಿ ಹಿನ್ನೀರಿನ ಪಕ್ಕ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಈಗ ಅಣೆಕಟ್ಟಿನಲ್ಲಿ 519.6 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ಅದನ್ನು 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಯಲ್ಲಿ ಸರ್ವೆ ನಂಬರ್ ಕೊಟ್ಟು ಮುಳುಗಡೆ ಪಟ್ಟಿಯಲ್ಲಿ ಇದೆಯಾ ಅಂತ ನೋಡದೆ ಮುಂಗಡ ಕೊಡಬೇಡಿ.

ಮಳೆಗಾಲದಲ್ಲಿ ಹೋಗಬೇಕು ಅನ್ನಲು ಇನ್ನೊಂದು ಕಾರಣ ದಾರಿ. ಎರೆಭೂಮಿ ತೊಯ್ದರೆ ಗಾಡಿ ಹಾಗಿರಲಿ, ಚಪ್ಪಲಿ ಕೂಡ ಹೊರಗೆ ಬರುವುದಿಲ್ಲ. ರಾತ್ರಿ ಯಾರಿಗಾದರೂ ಹಾವು ಕಚ್ಚಿದರೆ ಡಾಂಬರು ರಸ್ತೆ ಮುಟ್ಟಲು ಎಷ್ಟು ಹೊತ್ತು? ವಿಷಕ್ಕೆ ಮದ್ದು ಇರುವ ಆಸ್ಪತ್ರೆ ಎಷ್ಟು ದೂರ? ನಮ್ಮ ಹೊಲಗಳಲ್ಲಿ ಕೊಳಕು ಮಂಡಲ ಅಪರೂಪದ ಹಾವಲ್ಲ. ಮಳೆ ಸುರಿಯುವಾಗ ಒಮ್ಮೆ ಹೊಲದಿಂದ ಆಸ್ಪತ್ರೆತನಕ ಹೋಗಿ ಸಮಯ ನೋಡಿಕೊಳ್ಳಿ.

ಕಾಗದಪತ್ರ

ನೀರು, ಮಣ್ಣು ಒಪ್ಪಿಗೆಯಾದ ಮೇಲೆ ಉತಾರ (ಪಹಣಿ) ಕೇಳಿ. 2020ರ ತಿದ್ದುಪಡಿ ಆದಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೆಯದರಲ್ಲಿ ಸಾಲ ಮತ್ತು ಇತರ ಹಕ್ಕುಗಳು ಇರುತ್ತವೆ. ಎರಡನ್ನೂ ಓದಿ. ಋಣಭಾರ ಪತ್ರ ತೆಗೆಸಿ. ಒಂದು ಸರ್ವೆ ನಂಬರಿನ ತುಂಡು ಕೊಳ್ಳುವುದಾದರೆ ಆ ತುಂಡನ್ನು ಅಳೆದು ಮಾಡುವ 11-ಇ ನಕ್ಷೆ ಆಗಲೇಬೇಕು. ಸರ್ವೆ ನಂಬರ್ ತೋರಿಸುವ ಸರಕಾರದ ದಿಶಾಂಕ್ ಆ್ಯಪ್‌ನಲ್ಲಿ ಹೊಲದ ನಡುವೆ ನಿಂತು ನೋಡಿದರೆ ತೋರಿಸಿದ ಹೊಲವೂ ಕಾಗದದ ಹೊಲವೂ ಒಂದೇನಾ ಅಂತ ಗೊತ್ತಾಗುತ್ತದೆ. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಅನುಮತಿ ಇಲ್ಲದೆ ಮಾರುವಂತಿಲ್ಲ.

ಹಿರಿಯರ ಆಸ್ತಿಯಾಗಿದ್ದರೆ ಮನೆಯ ಹೆಣ್ಣುಮಕ್ಕಳ ಸಹಿ ಬೇಕು. ನಾನು ಮೊದಲು ಮಾತಾಡಿದ ಹೊಲಕ್ಕೆ ಇಬ್ಬರು ಅಕ್ಕಂದಿರಿದ್ದಾರೆ ಅನ್ನುವುದು ಖರೀದಿಯ ಹಿಂದಿನ ದಿನ ಗೊತ್ತಾಯಿತು. ಅವರ ಪಾಲು ಅವರಿಗೆ ಸಿಗಲೇಬೇಕು. ನಾನು ಹಿಂದೆ ಸರಿದೆ. ಹೊಲಕ್ಕೆ ಹೋಗುವ ದಾರಿ ಗ್ರಾಮ ನಕಾಶೆಯಲ್ಲಿ ಇದೆಯಾ ಅಂತಲೂ ನೋಡಿ. "ನಮ್ಮ ಹೊಲದಾಗ ಹಾದು ಹೋಗ್ರಿ" ಅನ್ನುವ ಸ್ನೇಹ ಮುಂದಿನ ತಲೆಮಾರಿಗೆ ಉಳಿಯುತ್ತದೆ ಅಂತ ಹೇಳಲಾಗದು.

ಕೊಳ್ಳುವ ಮೊದಲು ಒಂದು ವರ್ಷ

ಊರಲ್ಲಿ ಬಾಡಿಗೆ ಮನೆ ಹಿಡಿಯಿರಿ. ಹೊಲ ಲಾವಣಿ (ಗೇಣಿಗೆ) ಹಿಡಿಯುವುದು ನಮ್ಮ ಕಡೆ ರೂಢಿಯಲ್ಲಿದೆ, ಆದರೆ ಕಾನೂನು ಗೇಣಿಯನ್ನು ಒಪ್ಪುವುದಿಲ್ಲ. ಅದರ ಬದಲು ಯಾರಾದರೂ ರೈತರ ಜೊತೆ ಒಂದು ವರ್ಷ ಕೆಲಸ ಮಾಡಿ. ಮೃಗಶಿರ ಮಳೆಗೆ ಬಂದು, ಮುಂದಿನ ರೋಹಿಣಿತನಕ ಇರಿ. ಬಿತ್ತುವಾಗ, ಕಳೆ ತೆಗೆಯುವಾಗ, ರಾಶಿ ಮಾಡುವಾಗ ಆಳು ಸಿಗುತ್ತಾರಾ, ಅಥವಾ ಊರಿನ ಅರ್ಧ ಜನ ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋಗಿರುತ್ತಾರಾ ಅಂತ ಆಗ ಕಾಣುತ್ತದೆ. ಮುಯ್ಯಾಳು ಪದ್ಧತಿ ಇನ್ನೂ ಇರುವ ಊರು ಸಿಕ್ಕರೆ ಬಿಡಬೇಡಿ. ನೀವು ನಾಲ್ಕು ದಿನ ಅವರ ಹೊಲಕ್ಕೆ ಹೋದರೆ ಅವರು ನಾಲ್ಕು ದಿನ ನಿಮ್ಮ ಹೊಲಕ್ಕೆ ಬರುತ್ತಾರೆ.

ಆ ವರ್ಷ ನಿಮ್ಮ ಮನೆಯ ಲೆಕ್ಕದ ಹಾಳೆಯನ್ನು ಗೋಡೆಗೆ ಅಂಟಿಸಿ. ತಿಂಗಳಿಗೊಮ್ಮೆ ಮನೆಗೆ ಬೇಕಾದ ಜೋಳ, ಬೇಳೆ, ಎಣ್ಣೆ ಎಷ್ಟು ಖರ್ಚಾಯಿತು, ನೀರು ಎಷ್ಟು ಬಿಂದಿಗೆ ಬೇಕಾಯಿತು ಅಂತ ಬರೆಯಿರಿ. ಮೇ ಕೊನೆಗೆ ನೀವು ಕೆಲಸ ಮಾಡಿದ ರೈತರ ಮನೆಗೆ ಹೋಗಿ, ಅವರ ಕಣಜದಲ್ಲಿ ಎಷ್ಟು ಜೋಳ ಉಳಿದಿದೆ, ಬಣವೆ ಎಷ್ಟು ಉಳಿದಿದೆ, ಬಾವಿಯಲ್ಲಿ ಎಷ್ಟು ಅಡಿ ನೀರಿದೆ ಅಂತ ಕೇಳಿ ಬರೆದುಕೊಳ್ಳಿ. ಆ ಮೂರು ಅಂಕಿ ಕೈಯಲ್ಲಿ ಹಿಡಿದು ಹೊಲದ ಬೆಲೆ ಮಾತಾಡಲು ಕೂತುಕೊಳ್ಳಿ.